ಅಜ್ಜಿ ಕಥೆಯ ಚೌಡಿ ಫ್ಯಾಂಟಸಿ ಕಾದಂಬರಿಗೆ ಬಂದಾಗ

ಪ್ರಶ್ನೆ: ನಮ್ಮೂರು ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ. ಕೆಲಸ ಶಿವಮೊಗ್ಗದಲ್ಲಿ. ಇಂಗ್ಲಿಷ್ ಫ್ಯಾಂಟಸಿ ಓದಿಕೊಂಡು ಬೆಳೆದವಳು ನಾನು, ಈಗ ಕನ್ನಡದಲ್ಲಿ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಅಡಿಕೆ ತೋಟದ ಮನೆಯ ಹುಡುಗಿಯೊಬ್ಬಳು ಕೊಡಚಾದ್ರಿಯ ಗುಹೆಯ ಮೂಲಕ ಬೇರೆ ಲೋಕಕ್ಕೆ ಹೋಗುತ್ತಾಳೆ. ಅಲ್ಲಿ ಚೌಡಿ, ಯಕ್ಷಿ, ಬ್ರಹ್ಮರಾಕ್ಷಸ, ನಾಗಕನ್ಯೆ ಎಂದು ನಾಲ್ಕು ಕುಲ. ಒಂದೊಂದಕ್ಕೆ ಒಂದೊಂದು ಶಕ್ತಿ. ಲೋಕವನ್ನು ಉಳಿಸುವವಳು ಇವಳೇ ಎಂಬ ಭವಿಷ್ಯವಾಣಿಯೂ ಇದೆ. ಓದಿದ ಗೆಳತಿಯರು "ಫಾರಿನ್ ಕಥೆಗೆ ಪಂಚೆ ಉಡಿಸಿದ ಹಾಗಿದೆ" ಎನ್ನುತ್ತಾರೆ. ಅಜ್ಜಿ ಹೇಳಿದ ಕಥೆಗಳನ್ನು ಬಳಸಿಕೊಳ್ಳುವುದು ಹೇಗೆ? ಜನ ಈಗಲೂ ಪೂಜೆ ಮಾಡುವ ದೇವರನ್ನು ಕಥೆಗೆ ತರಬಹುದಾ? ಭಾಷೆ ಹೇಗಿರಬೇಕು?

ಉತ್ತರ: ನಿಮ್ಮ ಗೆಳತಿಯರು ಹೇಳಿದ್ದರಲ್ಲಿ ಅರ್ಧ ಸರಿ. ಗುಹೆ, ಕುಲ, ಭವಿಷ್ಯವಾಣಿ ಹೊರಗಿನಿಂದ ಬಂದವು ಅನ್ನೋದು ದೊಡ್ಡ ತೊಂದರೆ ಅಲ್ಲ. ಕಥೆಗಳು ಯಾವ ಕಾಲದಲ್ಲೂ ಒಂದೂರಲ್ಲಿ ಕೂತಿಲ್ಲ. ನೀವು ಚೌಡಿಯ ಹೆಸರನ್ನು ಮಾತ್ರ ತಂದಿದ್ದೀರಿ. ಚೌಡಿಗೂ ಮನುಷ್ಯರಿಗೂ ಇರುವ ಲೇವಾದೇವಿಯನ್ನು ಊರಲ್ಲೇ ಬಿಟ್ಟು ಬಂದಿದ್ದೀರಿ. ಕಥೆ ಪರಕೀಯ ಅನಿಸುವುದು ಅದಕ್ಕೆ.

ನಿಮ್ಮೂರಲ್ಲೇ ನೋಡಿ. ತೋಟದ ಮೂಲೆಯಲ್ಲಿ ಒಂದು ಮರ, ಮರದ ಬುಡದಲ್ಲಿ ಒಂದು ಕಲ್ಲು, ಅದೇ ತೋಟ ಕಾಯುವ ಚೌಡಿ. ಕಣ್ಣು ಮೂಗು ಏನೂ ಇಲ್ಲ. ಚೌಡಿಗೆ ಏನೇನು ಶಕ್ತಿ ಇದೆ ಎಂದು ಅಜ್ಜಿಯನ್ನು ಕೇಳಿದರೆ "ನಂಗೇನ್ ಗೊತ್ತು ಮಾರಾಯ್ತಿ" ಅಂದುಬಿಡುತ್ತಾರೆ. ಅಲ್ಲಿ ಏನು ಮಾಡಬಾರದು ಎಂದು ಕೇಳಿ. ಒಂದು ಗಂಟೆ ಮಾತಾಡುತ್ತಾರೆ. ಆ ಮರದ ಕೊಂಬೆ ಕಡಿಯಬಾರದು. ಮುಟ್ಟಿನ ದಿನ ಆ ಕಡೆ ಹೋಗಬಾರದು. ವರ್ಷಕ್ಕೊಮ್ಮೆ ಕೊಡಬೇಕಾದ್ದನ್ನು ತಪ್ಪಿಸಬಾರದು. ಕೆಲವರ ಮನೆಯಲ್ಲಿ ಅದು ಹಣ್ಣುಕಾಯಿ, ಕೆಲವರ ಮನೆಯಲ್ಲಿ ಕೋಳಿ. ತೋಟ ಮಾರಿದರೆ ಚೌಡಿಯೂ ತೋಟದ ಜೊತೆಗೇ ಹೋಗುತ್ತಾಳೆ, ಕೊಂಡವರು ನಡೆಸಿಕೊಂಡು ಹೋಗಬೇಕು. ತಪ್ಪಿದರೆ ಮೇಯಲು ಹೋದ ದನ ಮನೆಗೆ ಬರುವುದಿಲ್ಲ, ಮಗುವಿನ ಜ್ವರ ಬಿಡುವುದಿಲ್ಲ.

ಇದರಲ್ಲಿ ಮಾಯೆ ಎಲ್ಲಿದೆ? ಚೌಡಿಯ ಮೈಯಲ್ಲಂತೂ ಇಲ್ಲ. ಕೊಡುವುದು, ತಪ್ಪುವುದು, ತಪ್ಪಿದ್ದಕ್ಕೆ ತೆರುವುದು, ಈ ಲೆಕ್ಕದಲ್ಲಿದೆ. ಮಲೆನಾಡಿನ ಅಮಾನುಷ ಕಥೆಗಳಲ್ಲಿ ಹೆಚ್ಚಿನವು ಇಂಥ ಕಟ್ಟಳೆಯ ಕಥೆಗಳೇ. ಹಾಗಾಗಿ ನನ್ನ ಸಲಹೆ ಒಂದೇ: ಜೀವಿಗಳನ್ನು ಬಿಡಿ, ಕಟ್ಟಳೆಗಳನ್ನು ತೆಗೆದುಕೊಳ್ಳಿ. ಮುಂದೆ ಬರೆಯುವುದೆಲ್ಲ ಇದರ ವಿವರಣೆ ಅಷ್ಟೇ.

ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಕಥೆಗಳಲ್ಲಿ ಹೂವಿನ ಗಿಡವಾಗುವ ಹುಡುಗಿಯದ್ದು ನಿಮಗೆ ಗೊತ್ತಿರಬಹುದು. ಬಡ ಮನೆ. ಹುಡುಗಿ ಗಿಡವಾಗುತ್ತಾಳೆ, ಅಕ್ಕ ಹೂ ಕೊಯ್ಯುತ್ತಾಳೆ, ಹೂ ಮಾರಿ ಜೀವನ. ಆದರೆ ಗಿಡವಾಗುವುದು ಹೇಗೆ? ಎರಡು ಪಾತ್ರೆ ನೀರು ಬೇಕು. ನೀರಿಗೆ ಉಗುರು ತಾಗಬಾರದು. ಒಂದು ಪಾತ್ರೆ ಮೈಮೇಲೆ ಸುರಿದರೆ ಗಿಡ, ಇನ್ನೊಂದು ಸುರಿದರೆ ಮತ್ತೆ ಹುಡುಗಿ. ನಡುವೆ ಹೂ ಕೊಯ್ಯುವಾಗ ಎಲೆ ಹರಿಯಬಾರದು, ಕಡ್ಡಿ ಮುರಿಯಬಾರದು. ಮದುವೆಯಾದ ಮೇಲೆ ಗಂಡನ ತಂಗಿ ಮತ್ತು ಅವಳ ಗೆಳತಿಯರು ಹಟ ಮಾಡಿ ಗಿಡವಾಗಿಸುತ್ತಾರೆ, ಕೊಂಬೆ ಮುರಿಯುತ್ತಾರೆ, ನೀರು ಸರಿಯಾಗಿ ಸುರಿಯದೆ ಓಡಿಹೋಗುತ್ತಾರೆ. ಹುಡುಗಿ ಕೈಕಾಲಿಲ್ಲದೆ ಅರ್ಧ ದೇಹವಾಗಿ ಉಳಿಯುತ್ತಾಳೆ.

ಇದನ್ನೇ "ಸಸ್ಯಕುಲದ ಯುವತಿ, ಗಿಡವಾಗುವ ಶಕ್ತಿಯುಳ್ಳವಳು" ಎಂದು ಬರೆದು ನೋಡಿ. ಕಥೆ ಅಲ್ಲೇ ಸತ್ತುಹೋಗುತ್ತೆ. ಓದುವವರ ಕರುಳು ಚುರ್ ಎನ್ನುವುದು ಆ ಎರಡನೇ ಪಾತ್ರೆಯ ಕಡೆ ಕಣ್ಣು ಇರುವುದರಿಂದ. ಅದನ್ನು ಯಾರು ಹಿಡಿದಿದ್ದಾರೆ, ಅವರ ಮೇಲೆ ಎಷ್ಟು ನಂಬಿಕೆ ಇಡಬಹುದು, ಇದಿಷ್ಟೇ ಕಥೆ. ನಿಮ್ಮ ನಾಲ್ಕು ಕುಲಗಳಲ್ಲಿ ಯಾರ ಕೈಯಲ್ಲೂ ಇಂಥ ಪಾತ್ರೆ ಇಲ್ಲ.

ಹೊರಗಿನ ಕಥೆ ತರಬಾರದು ಎಂದು ನಾನು ಹೇಳುತ್ತಿಲ್ಲ. ತಂದು ಗೆದ್ದವರು ನಿಮ್ಮ ತಾಲ್ಲೂಕಿನಲ್ಲೇ ಇದ್ದರು. ಕುಪ್ಪಳಿಯ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಮೂಲದಲ್ಲಿ ಜರ್ಮನಿಯ ಹ್ಯಾಮೆಲಿನ್ ಊರಿನ ದಂತಕಥೆ. 1842ರಲ್ಲಿ ಬ್ರೌನಿಂಗ್ ಅದನ್ನು ಇಂಗ್ಲಿಷ್ ಪದ್ಯ ಮಾಡಿದ. ಕುವೆಂಪು ವೇಸರ್ ನದಿಯ ಊರನ್ನು ತುಂಗೆಯ ದಂಡೆಗೆ ತಂದರು. ಮೇಯರ್ ಹೋಗಿ ಗೌಡ ಬಂದ, ಕೊಳಲಿನವನು ಹೋಗಿ ಜೋಗಿ ಬಂದ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಹಾಡಿದರು, ಯಾರಿಗೂ ಫಾರಿನ್ ಅನಿಸಲಿಲ್ಲ. ಬರೀ ಹೆಸರು ಬದಲಿಸಿದ್ದಕ್ಕೆ ಹೀಗಾಯಿತು ಅಂತ ನಾನು ನಂಬುವುದಿಲ್ಲ. ಆ ಕಥೆಯ ಒಳಗಿರುವುದು ಕೊಟ್ಟ ಮಾತು, ತಪ್ಪಿದ ಮಾತು. ಹರಕೆ ಹೊತ್ತು ತೀರಿಸದ ಮನೆಗೆ ಏನಾಗುತ್ತೆ ಎಂದು ಗೊತ್ತಿರುವ ನೆಲ ಇದು. ಕಥೆ ಬಂದು ಇಲ್ಲಿ ಬೇರು ಬಿಟ್ಟಿತು.

ಇನ್ನು ನಿಮ್ಮ ಗುಹೆ. ಅಜ್ಜಿ ಕಥೆಗೂ ಫ್ಯಾಂಟಸಿ ಕಾದಂಬರಿಗೂ ಇರುವ ಒಂದು ವ್ಯತ್ಯಾಸ ಇಲ್ಲಿ ಬರುತ್ತೆ. ಸ್ವಿಟ್ಜರ್ಲೆಂಡಿನ ವಿದ್ವಾಂಸ ಮ್ಯಾಕ್ಸ್ ಲೂಥಿ 1947ರಲ್ಲಿ ಇದನ್ನು ಚೆನ್ನಾಗಿ ಗುರುತಿಸಿದ. ಜನಪದ ಕಥೆಯಲ್ಲಿ ಯಾರಿಗೂ ಆಶ್ಚರ್ಯ ಆಗುವುದಿಲ್ಲ. ಗಿಳಿ ಮಾತಾಡಿದರೆ ರಾಜಕುಮಾರ "ಅರೆ, ಗಿಳಿ ಮಾತಾಡ್ತಿದೆ!" ಅನ್ನುವುದಿಲ್ಲ, ಗಿಳಿ ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ. ಈ ಲೋಕ, ಆ ಲೋಕ ಎಂಬ ಗೋಡೆ ಅಲ್ಲಿಲ್ಲ. ನಿಮ್ಮ ಕರಡಿನಲ್ಲಿ ಗುಹೆ ಆ ಗೋಡೆಯ ಕೆಲಸ ಮಾಡುತ್ತಿದೆ. ಗುಹೆ ದಾಟಿದ ತಕ್ಷಣ ಹುಡುಗಿ ಬಾಯಿ ಬಿಟ್ಟು ನೋಡುತ್ತಾ ನಿಂತರೆ ಮೂರು ಪುಟ ಬೆರಗಿಗೇ ಹೋಗುತ್ತೆ. ಬೆರಗು ಓದುಗರಿಗೆ ಬಿಡಿ. ಅವಳಿಗೆ ಕೆಲಸ ಇದೆ, ಕಳೆದುಹೋದ ಕರು ಹುಡುಕಬೇಕು.

ಮಲೆನಾಡಿನಲ್ಲಿ ಆಚೆ ಲೋಕಕ್ಕೆ ಗುಹೆ ಬೇಕಾಗಿಯೂ ಇಲ್ಲ. ಬಯಲುಸೀಮೆಯ ಹಾಗೆ ಇಲ್ಲಿ ಮನೆಗೆ ಮನೆ ತಾಗಿಕೊಂಡಿಲ್ಲ. ಒಂದು ಕಣಿವೆಗೆ ಒಂದು ತೋಟ, ಒಂದು ಮನೆ, ಆಮೇಲೆ ಕಾನು ಎಂಬ ದಟ್ಟ ಕಾಡು, ಆಮೇಲೆ ಇನ್ನೊಂದು ಮನೆ. ನಮ್ಮ ದೆವ್ವದ ಕಥೆಗಳೆಲ್ಲ ನಡೆಯುವುದು ಆ ನಡುವಿನ ದಾರಿಯಲ್ಲಿ. ಯಕ್ಷಗಾನ ನೋಡಿ ಸೂಡಿ (ಒಣ ಗರಿಯ ಪಂಜು) ಹಿಡಿದು ಬರುವಾಗ, ಸಂಕ (ಹಳ್ಳದ ಕಾಲುಸೇತುವೆ) ದಾಟುವಾಗ, ದಣಪೆ (ಬೇಲಿಯ ಗೇಟು) ತೆಗೆಯುವಾಗ. ಬೆನ್ನ ಹಿಂದೆ ಹೆಸರು ಕೂಗಿದರೆ ಮೂರನೇ ಸಲ ಕೂಗುವ ತನಕ ಓಗೊಡಬಾರದು. ಅದೂ ಒಂದು ಕಟ್ಟಳೆ, ನೋಡಿ. ಹಾಗೆ ಕೂಗಿದ್ದು ನಿಜವಾಗಿಯೂ ಅಪ್ಪನೇ ಆಗಿದ್ದು, ಎರಡೇ ಸಲ ಕೂಗಲು ಉಸಿರಿದ್ದರೆ? ಇಡೀ ಅಧ್ಯಾಯ ಆಯಿತು, ಒಂದೂ ರಾಕ್ಷಸ ಬೇಕಾಗಲಿಲ್ಲ. ಮಳೆಯನ್ನೂ ಹೀಗೇ ಬಳಸಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಬೀಳುತ್ತೆ. ಅಂಥ ಮಳೆಯಲ್ಲಿ ಹೆಜ್ಜೆ ಸಪ್ಪಳ ಕೇಳಿಸುವುದಿಲ್ಲ, ಕೂಗಿದ್ದು ಕೇಳಿಸುವುದಿಲ್ಲ, ದಾರಿ ಕಾಣುವುದಿಲ್ಲ. ಇಂಗ್ಲಿಷ್ ಕಥೆಯವರಿಗೆ ಹಿಮ ಇದ್ದ ಹಾಗೆ ನಿಮಗೆ ಜಿರಾಪತಿ ಮಳೆ. ನಿಮ್ಮ ಕರಡಿನಲ್ಲಿ ಒಮ್ಮೆಯೂ ಮಳೆ ಬರದೇ ಇದ್ದರೆ, ಅದು ತೀರ್ಥಹಳ್ಳಿ ಹುಡುಗಿ ಬರೆದದ್ದು ಎಂದು ಯಾರು ನಂಬುತ್ತಾರೆ?

ಭವಿಷ್ಯವಾಣಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತೆಗೆದುಹಾಕಿ.

ಅದರ ಬದಲು ಹೆಂಗಸರು ಹೆಂಗಸರಿಗೆ ಹೇಳಿಕೊಂಡ ಕಥೆಗಳನ್ನು ಗಮನಿಸಿ. ರಾಮಾನುಜನ್ ಇದರ ಮೇಲೆ ಬರೆದದ್ದು ನನಗೆ ತುಂಬ ಇಷ್ಟ. ಪಶ್ಚಿಮದ ರಾಜಕುಮಾರಿ ಕಥೆಗಳು ಸಾಮಾನ್ಯವಾಗಿ ಮದುವೆಯಲ್ಲಿ ಮುಗಿಯುತ್ತವೆ. ನಮ್ಮ ಹೆಂಗಸರ ಕಥೆಗಳಲ್ಲಿ ಎಷ್ಟೋ ಸಲ ಕಷ್ಟ ಶುರುವಾಗುವುದೇ ಮದುವೆಯ ನಂತರ. ಗಂಡ ಗುರುತಿಸುವುದಿಲ್ಲ, ಅತ್ತೆ ಅನ್ನ ಹಾಕುವುದಿಲ್ಲ, ಹೆತ್ತ ಮಕ್ಕಳ ಜಾಗದಲ್ಲಿ ಕಲ್ಲು ಇಡುತ್ತಾರೆ. ಇವಳನ್ನು ಉಳಿಸುವುದು ಕತ್ತಿ ಅಲ್ಲ. ತನ್ನ ಕಥೆಯನ್ನು ತಾನೇ ಬಾಯಿಬಿಟ್ಟು ಹೇಳಿ, ಕೇಳಬೇಕಾದವರು ಅದನ್ನು ಕೇಳಿಸಿಕೊಂಡಾಗ ಕಥೆ ಮುಗಿಯುತ್ತೆ.

ಹೇಳದೇ ಇದ್ದರೆ ಏನಾಗುತ್ತೆ ಎಂಬುದಕ್ಕೂ ಕನ್ನಡದಲ್ಲಿ ಒಂದು ಕಥೆ ಇದೆ, ರಾಮಾನುಜನ್ ಅವರೇ ದಾಖಲಿಸಿದ್ದು. ಒಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಅವಕ್ಕೆ ಒಳಗೇ ಉಸಿರು ಕಟ್ಟಿತು. ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಗೆ ಬಂದವು. ಕಥೆ ಬಾಗಿಲಲ್ಲಿ ಒಂದು ಜೊತೆ ಜೋಡು ಆಯಿತು, ಹಾಡು ಗೂಟದ ಮೇಲೆ ಗಂಡಸಿನ ಕೋಟು ಆಯಿತು. ಗಂಡ ಬಂದ. ಇದು ಯಾರದ್ದು? ಜಗಳ. ಅವನು ಸಿಟ್ಟಾಗಿ ಹನುಮಪ್ಪನ ಗುಡಿಯಲ್ಲಿ ಮಲಗಲು ಹೋದ. ಊರಲ್ಲಿ ಆರಿಸಿದ ದೀಪಗಳೆಲ್ಲ ರಾತ್ರಿ ಆ ಗುಡಿಯಲ್ಲಿ ಸೇರಿ ಹರಟೆ ಹೊಡೆಯುತ್ತವಂತೆ. ಇವನ ಮನೆ ದೀಪ ತಡವಾಗಿ ಬಂತು. ಯಾಕೆ ತಡ ಎಂದು ಉಳಿದವು ಕೇಳಿದವು, ಅದು ಎಲ್ಲ ಹೇಳಿತು. ಗಂಡ ಕೇಳಿಸಿಕೊಂಡು ಮನೆಗೆ ಓಡಿ "ನಿನಗೆ ಗೊತ್ತಿದ್ದ ಕಥೆ ಯಾವುದು?" ಎಂದ. ಅವಳು "ಯಾವ ಕಥೆ?" ಅಂದಳು. ಮರೆತೇ ಹೋಗಿತ್ತು.

ದೀಪಗಳು ಯಾಕೆ ಅಲ್ಲಿಗೇ ಹೋಗುತ್ತವೆ? ಕಥೆ ವಿವರಿಸುವುದಿಲ್ಲ. ಈಗಿನ ಫ್ಯಾಂಟಸಿ ಬರಹಗಾರರು ಇಲ್ಲಿ ದೀಪಗಳ ಇತಿಹಾಸ, ಅವುಗಳ ಒಕ್ಕೂಟ, ಅದಕ್ಕೊಂದು ನಕ್ಷೆ ಎಲ್ಲ ಸೇರಿಸಿಬಿಡುತ್ತಾರೆ. ಬೇಡ. ಕಟ್ಟಳೆ ಏನು ಎಂದು ಓದುಗರಿಗೆ ಸ್ಪಷ್ಟವಾಗಿ ಗೊತ್ತಿರಲಿ, ಯಾಕೆ ಎಂಬುದು ಬೇಕಾಗಿಲ್ಲ.

ಈಗ ನಮ್ಮ ಜಿಲ್ಲೆಯಲ್ಲೇ ಬಿದ್ದಿರುವ ವಸ್ತು ಒಂದನ್ನು ಹೇಳುತ್ತೇನೆ. ಮುಳುಗಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು, ಶರಾವತಿ ಕಣಿವೆಯ ಊರುಗಳು ನೀರಿನಡಿ ಹೋದವು. ಅದಕ್ಕೂ ಮೊದಲು ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೇ ಈ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತುಂಬ ಇಳಿದಾಗ ಈಗಲೂ ಎದ್ದು ಕಾಣುತ್ತೆ. ಜನ ಲಾರಿಯಲ್ಲಿ ಪಾತ್ರೆ ಪಗಡೆ, ದನಕರು ಹೇರಿಕೊಂಡು ಬೇರೆ ಕಡೆ ಬಂದರು. ಊರದೇವರ ವಿಗ್ರಹ ಇದ್ದವರು ಅದನ್ನೂ ತಂದರು.

ತೋಟದ ಮೂಲೆಯ ಚೌಡಿಯನ್ನು? ನಾನು ಆಗಲೇ ಹೇಳಿದೆನಲ್ಲ, ಚೌಡಿ ನೆಲದ ಜೊತೆ ಹೋಗುತ್ತಾಳೆ, ತೋಟ ಯಾರದ್ದೋ ಅವರು ಕೊಡಬೇಕು ಎಂದು. ಈಗ ಆ ತೋಟ ಯಾರದ್ದು? ನೀರಿನದ್ದಾ? ವಿದ್ಯುತ್ ಇಲಾಖೆಯದ್ದಾ? ಆ ನೀರಿನಿಂದ ಬಂದ ಕರೆಂಟಿನಲ್ಲಿ ಬಲ್ಬು ಹಚ್ಚಿಕೊಂಡವರದ್ದಾ? ಕಟ್ಟಳೆಯನ್ನು ಅಕ್ಷರಶಃ ಹಿಡಿದರೆ, ಬಾಕಿ ಬಹಳ ದೂರದವರೆಗೂ ಹೋಗುತ್ತೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಒಂದು ಮಗುವಿಗೆ ಜ್ವರ ಬಿಡುತ್ತಿಲ್ಲ. ಮುಳುಗಡೆಯಿಂದ ಎದ್ದು ಬಂದ ಮನೆಯ ಮುದುಕಿಯೊಬ್ಬಳಿಗೆ ಮಾತ್ರ ಇದು ಯಾರ ಬಾಕಿ ಎಂದು ಗೊತ್ತು. ನೀರು ಇಳಿಯುವ ಬೇಸಿಗೆಯ ಕೆಲವೇ ದಿನ ಆ ಕಲ್ಲಿನ ಹತ್ತಿರ ಹೋಗಬಹುದು. ಹೋದರೆ ಅಲ್ಲಿ ಮರ ಇಲ್ಲ, ಬೋಳು ಕೆಸರು, ಸತ್ತ ಬೊಡ್ಡೆಗಳು. ನೂರು ಬೊಡ್ಡೆಗಳಲ್ಲಿ ಯಾವುದು ಅವಳ ಮರ?

ನಿಮಗೆ ಬೇಕಾದರೆ ತೆಗೆದುಕೊಳ್ಳಿ, ನನ್ನದೇನೂ ಅಭ್ಯಂತರ ಇಲ್ಲ. ಇದು ಫ್ಯಾಂಟಸಿ. ಇದರಲ್ಲಿ ಒಂದು ಕುಲವೂ ಇಲ್ಲ, ಕಿರೀಟವೂ ಇಲ್ಲ.

ಇನ್ನೊಂದು ಗಣಿ ಕೆಳದಿ. 1499ರಲ್ಲಿ ಶುರುವಾದ ಕೆಳದಿ ಅರಸರ ಮನೆತನದ ಮೂಲಕಥೆ ಸಾಗರದ ಕಡೆ ಈಗಲೂ ಹೇಳುತ್ತಾರೆ. ಚೌಡಪ್ಪ, ಭದ್ರಪ್ಪ ಎಂಬ ಅಣ್ಣತಮ್ಮಂದಿರು, ಹುತ್ತ, ಹೆಡೆ ಎತ್ತಿದ ನಾಗರ, ಹೊಲದಲ್ಲಿ ಸಿಕ್ಕ ನಿಧಿ. ನಿಧಿ ಕೈಗೆ ಬರಬೇಕಾದರೆ ನರಬಲಿ ಬೇಕು. ಆಗ ಮನೆಯ ಆಳುಗಳಾದ ಎಡವ, ಮುರಾರಿ ತಾವೇ ಮುಂದೆ ಬಂದರಂತೆ. ಅವರ ಹೆಸರು ಅರಸರ ಬಿರುದಿಗೆ ಸೇರಿಕೊಂಡಿತು. ಈ ಕಥೆ ನಮಗೆ ಬಂದಿರುವುದು ರಾಜ್ಯ ಗೆದ್ದವರ ಬಾಯಿಂದ. "ತಾವೇ ಮುಂದೆ ಬಂದರು" ಎಂಬಲ್ಲಿ ಸ್ವಲ್ಪ ನಿಂತು ನೋಡಿ. ಆಳಿಗೆ ಬೇಡ ಎನ್ನುವ ಹಕ್ಕು ಇತ್ತಾ? ಹೊಸ ಫ್ಯಾಂಟಸಿಗೆ ಇಲ್ಲಿ ಕೆಲಸ ಇದೆ. ಸತ್ತ ಮೇಲೆ ಇಬ್ಬರೂ ಆ ನಿಧಿಯ ಕಾವಲಿಗೆ ನಿಂತರು ಅಂದುಕೊಳ್ಳಿ. ಬಿರುದು ಕೂಗಿದಾಗಲೆಲ್ಲ ತಮ್ಮ ಹೆಸರು ಕೇಳಿ ಎದ್ದು ಬರಬೇಕು. ಅರಮನೆಯ ಹೊಗಳುಭಟ ದಿನಾ ಕೂಗುತ್ತಾನೆ. 1763ರಲ್ಲಿ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರು ಗೆದ್ದ, ಕೂಗುವವರು ಇಲ್ಲದಾದರು. ಆಮೇಲೆ? ಇತಿಹಾಸದ ವರ್ಷಗಳನ್ನು ಮುಟ್ಟದೆ, ಅವುಗಳ ಸಂದಿಯಲ್ಲಿ ಎಷ್ಟು ಜಾಗ ಇದೆ ನೋಡಿ.

ಹೀಗೆಲ್ಲ ಕಥೆ ತಿರುಚಬಹುದಾ ಎಂಬ ಅಳುಕು ಬೇಡ. ತಿರುಚದ ಮೂಲ ಎಂಬುದು ಎಲ್ಲೂ ಇಲ್ಲ. ಗ್ರಿಮ್ ಸೋದರರು 1812ರಲ್ಲಿ ಮೊದಲ ಸಂಪುಟ ತಂದವರು 1857ರ ತನಕ ತಿದ್ದುತ್ತಲೇ ಹೋದರು. ಮಕ್ಕಳನ್ನು ಕಾಡಿಗಟ್ಟುವ ಹೆತ್ತ ತಾಯಿಯನ್ನು ನಡುವೆ ಎಲ್ಲೋ ಮಲತಾಯಿ ಮಾಡಿದರು. ನಿಮ್ಮ ಅಜ್ಜಿಯೂ ಮೊಮ್ಮಕ್ಕಳ ಮುಖ ನೋಡಿ ಕೊನೆ ಬದಲಿಸಿಯೇ ಇರುತ್ತಾರೆ.

ಆದರೆ ಪೂಜೆಗೊಳ್ಳುವ ದೇವರ ಪ್ರಶ್ನೆ ಬೇರೆ. ಇದರಲ್ಲಿ ನಾನು ಸ್ವಲ್ಪ ಗಡುಸು. ಸಿಗಂದೂರು ಚೌಡೇಶ್ವರಿಯ ಕಾವಲಿದೆ ಎಂಬ ಬೋರ್ಡುಗಳನ್ನು ತೋಟದ ಬೇಲಿಯಲ್ಲಿ ನೀವೇ ನೋಡಿರುತ್ತೀರಿ. ಅದನ್ನು ತೂಗುಹಾಕಿದವರಿಗೆ ಅದು ಕಥೆ ಅಲ್ಲ, ಬೀಗ. ಅಂಥ ದೇವಿಯನ್ನು ಹೆಸರು ಹಿಡಿದು ತಂದು, ನಾಯಕನ ಕೈಯಲ್ಲಿ ಸೋಲಿಸಿ, ಎರಡನೇ ಭಾಗದಲ್ಲಿ ಖಳನಾಯಕಿ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಬೋರ್ಡಿನ ಹಿಂದಿರುವ ಕಟ್ಟಳೆಯನ್ನು ಬೇಕಾದರೆ ತೆಗೆದುಕೊಳ್ಳಿ: ಕಾವಲಿನ ಬೋರ್ಡು ಹಾಕಿದ ತೋಟದಲ್ಲಿ ಮನೆಯವನೇ ಕಳ್ಳನಾದರೆ? ದೇವಿಗೆ ಮಾತ್ರ ನಿಮ್ಮದೇ ಹೆಸರು ಕೊಡಿ, ನಿಮ್ಮದೇ ಊರು ಕಟ್ಟಿ.

ಕರಾವಳಿಯ ದೈವಗಳನ್ನು ಘಟ್ಟ ಹತ್ತಿಸುವ ಚಾಳಿಯೂ ಈಚೆಗೆ ಜಾಸ್ತಿಯಾಗಿದೆ. ಸಿನಿಮಾದಲ್ಲಿ ಚೆನ್ನಾಗಿ ಕಂಡಿತು ಅಂತ ಸಾಗರದ ಕಾನಿನಲ್ಲಿ ಪಂಜುರ್ಲಿ ಕೋಲ ಕಟ್ಟಿಸಬೇಡಿ. ತುಳುನಾಡಿನ ದೈವಕ್ಕೆ ಪಾಡ್ದನ ಎಂಬ ಹಾಡುಗಥೆ ಇದೆ, ವೇಷ ಕಟ್ಟುವ ಸಮುದಾಯ ಇದೆ, ಗುತ್ತು ಎಂಬ ಹಿರಿಮನೆ ಇದೆ. ನಮ್ಮಲ್ಲಿ ಇರುವುದೇ ಬೇರೆ. ಸೊರಬ, ಸಾಗರದ ದೀವರ ಸಮುದಾಯದ ಮನೆಗಳಲ್ಲಿ ಭೂಮಿ ಹುಣ್ಣಿಮೆಗೆ ಹಸೆ ಚಿತ್ತಾರ ಬರೆದ ಬುಟ್ಟಿ ಹೊತ್ತು ಬೆಳಗಿನ ಜಾವ ಗದ್ದೆಗೆ ಹೋಗುತ್ತಾರೆ. ತೆನೆ ಕಟ್ಟಿದ ಗದ್ದೆ ಅವರಿಗೆ ಬಸುರಿ. ಬಸುರಿಯ ಬಯಕೆ ತೀರಿಸಲು ಬಗೆಬಗೆಯ ಸೊಪ್ಪು ತರಕಾರಿ ಬೇಯಿಸಿ ಗದ್ದೆಗೆ ಚೆಲ್ಲುತ್ತಾರೆ, ಅದೇ ಚರಗ. ದೀಪಾವಳಿಯಲ್ಲಿ ಅಂಟಿಗೆ-ಪಂಟಿಗೆಯವರು ಆರದ ದೀಪ ಹಿಡಿದು ರಾತ್ರಿಯೆಲ್ಲ ಮನೆಮನೆಗೆ ಹಾಡುತ್ತ ಬರುತ್ತಾರೆ. ಇವನ್ನು ಬಳಸುವುದಾದರೆ ಮೊದಲು ಹೋಗಿ ನೋಡಿ, ಆ ಮನೆಯವರನ್ನು ಕೇಳಿ. ಅವರ ಹಾಡಿನ ಸಾಲನ್ನು ಎತ್ತಿ ನಿಮ್ಮ ಮಂತ್ರ ಮಾಡಿಕೊಳ್ಳಬೇಡಿ. ಆರಬಾರದ ದೀಪ ಎಂಬ ಕಟ್ಟಳೆ ಸಾಕು, ಹಾಡು ನೀವೇ ಕಟ್ಟಿ.

ಭಾಷೆಯ ವಿಷಯ. ನಿಮ್ಮ ಯಕ್ಷಿ "ಎಲೈ ಮಾನವ ಕನ್ಯೆಯೇ, ಇಲ್ಲಿಗೇಕೆ ಆಗಮಿಸಿದೆ" ಎಂದು ಮಾತಾಡುತ್ತಿದ್ದರೆ, ಅದು ಪೌರಾಣಿಕ ಸಿನಿಮಾದ ಪಳೆಯುಳಿಕೆ. ನಮ್ಮಲ್ಲಿ ಫ್ಯಾಂಟಸಿ ಅಂದ ತಕ್ಷಣ ಎಲ್ಲರೂ ಕಿರೀಟ ಹಾಕಿಕೊಂಡು ಮಾತಾಡಲು ಶುರು ಮಾಡುತ್ತಾರೆ, ಯಾಕೋ. ಅಜ್ಜಿ ಕಥೆಯ ರಾಕ್ಷಸಿ ಹಾಗಲ್ಲ. "ಬಾರೆ ಮಗಾ, ಉಣ್ಣು ಬಾ, ಎಷ್ಟ್ ಸೊರಗಿ ಹೋಗಿದ್ಯೆ" ಅಂತಾಳೆ. ಭಯ ಇರುವುದು ಆ ಅಕ್ಕರೆಯಲ್ಲಿ. ನಿರೂಪಣೆ ನಿಮ್ಮ ಸಾಮಾನ್ಯ ಬರಹದ ಕನ್ನಡದಲ್ಲಿರಲಿ, ಮಾತು ನಿಮ್ಮೂರಿನದ್ದಾಗಿರಲಿ. ಅಜ್ಜಿ "ಹೋದ, ಹೋದ, ಹೋದ" ಎಂದು ದಾರಿ ಉದ್ದ ಮಾಡುವುದನ್ನು, ಒಂದೇ ಮಾತನ್ನು ಮೂರು ಬಾಗಿಲಲ್ಲಿ ಮೂರು ಸಲ ಹೇಳಿಸುವುದನ್ನು ನಾಚಿಕೆ ಇಲ್ಲದೆ ಕದಿಯಿರಿ. ಆದರೆ ಮೂರನೇ ಸಲ ಒಂದು ಅಕ್ಷರ ಬದಲಾಗಬೇಕು. ಕೇಳುವ ಮಕ್ಕಳು ಅದಕ್ಕೇ ಕಾಯುತ್ತಿರುತ್ತಾರೆ.

ಕರಡನ್ನು ಪೂರ್ತಿ ಎಸೆಯಬೇಕಾಗಿಲ್ಲ. ಹುಡುಗಿ ಇರಲಿ, ಅಡಿಕೆ ತೋಟದ ಮನೆ ಇರಲಿ. ನಾಲ್ಕು ಕುಲಗಳಲ್ಲಿ ಮೂರನ್ನು ಬಿಟ್ಟು ಒಂದನ್ನು ಇಟ್ಟುಕೊಳ್ಳಿ. ಅದು ಏನು ಕೇಳುತ್ತೆ, ಯಾವಾಗ ಕೇಳುತ್ತೆ, ಕೊಡದಿದ್ದರೆ ಯಾರಿಗೆ ತಾಗುತ್ತೆ, ಈ ಮೂರಕ್ಕೆ ಒಂದೊಂದು ಸಾಲಿನಲ್ಲಿ ಉತ್ತರ ಬರೆದು ಮೇಜಿನ ಮುಂದೆ ಅಂಟಿಸಿಕೊಳ್ಳಿ. ಆಮೇಲೆ ಊರಿಗೆ ಹೋದಾಗ, ಕಥೆ ಹೇಳಿ ಎಂದು ಅಜ್ಜಿಯನ್ನು ಪೀಡಿಸಬೇಡಿ. ಅಡಿಕೆ ಸುಲಿಯುವಾಗ ಪಕ್ಕ ಕೂತು, ಈ ಮನೆಯಲ್ಲಿ ಏನೇನು ಮಾಡಬಾರದು, ಯಾರು ಮಾಡಿದ್ದರು, ಅವರಿಗೇನಾಯಿತು ಎಂದು ಕೇಳಿ. ಫೋನಿನಲ್ಲಿ ರೆಕಾರ್ಡ್ ಮಾಡುವುದಾದರೆ ಮೊದಲೇ ಹೇಳಿ ಮಾಡಿ. ಮೊದಲ ಅಧ್ಯಾಯ ತಿದ್ದಿದ ಮೇಲೆ ಅದೇ ಗೆಳತಿಯರಿಗೆ ಮತ್ತೆ ಕೊಡಿ. ಈ ಸಲ ಹೇಗಿದೆ ಎಂದು ಕೇಳುವುದು ಬೇಡ. ಹುಡುಗಿ ಎಲ್ಲಿ ತಪ್ಪಿದಳು ಎಂದು ಕೇಳಿ. ಅವರು ಪುಟ ತೆಗೆದು ತೋರಿಸಿದರೆ ಎರಡನೇ ಅಧ್ಯಾಯಕ್ಕೆ ಹೋಗಬಹುದು.